ಸಣ್ಣ ಕಾಲೇಜುಗಳೂ ಫುಟ್‌ಬಾಲ್ ಆಟವೂ

ಅಮೇರಿಕಾದ ಸಂಯುಕ್ತ ಸಂಸ್ಥಾನಗಳಲ್ಲಿ ಸಣ್ಣ ಖಾಸಗಿ ಕಾಲೇಜುಗಳು ಒಂದರ ಹಿಂದೊಂದು ಬಾಗಿಲು ಮುಚ್ಚುತ್ತಿರುವ ಸಂಗತಿಯು ನಮ್ಮ ವಾಚಕರಲ್ಲಿ ಅನೇಕರಿಗೆ ತಿಳಿದೇ ಇರುವುದು. 1846ರಲ್ಲಿ ಸ್ಥಾಪಿತವಾಗಿದ್ದ ಇಲಿನಾಯ್ ಪ್ರಾಂತದ ಮ್ಯಾಕ್‌ಮರ್ರೆ ಕಾಲೇಜು 2020ರಲ್ಲಿ ಮುಚ್ಚಿಹೋಯಿತು. ಅದಕ್ಕಿಂತಲೂ ನಾಲ್ಕು ವರ್ಷ ಹಿರಿದಾದ ಅಯೋವಾ ವೆಸ್ಲಿಯನ್ ವಿದ್ಯಾಸಂಸ್ಥೆ 2023ರಲ್ಲಿ ಅದೇ ದಾರಿ ಹಿಡಿಯಿತು. ಫಿನ್ಲೆಂಡಿನಿಂದ ವಲಸೆ ಬಂದ ಜನರು 1896ರಲ್ಲಿ ಮಿಶಿಗನ್ ಪ್ರಾಂತದಲ್ಲಿ ತಮ್ಮ ಮಕ್ಕಳ ವಿದ್ಯೆಗೆಂದು ಕಟ್ಟಿದ ಫಿನ್ಲೇಂಡಿಯಾ ಕಾಲೇಜೂ ಅದೇ 2023ರಲ್ಲಿಯೇ ನಿಂತಿತು. 1856ರಿಂದ ನಡೆದುಬಂದ ಅಲಬಾಮಾದ ಬರ್ಮಿಂಗ್‌ಹ್ಯಾಮ್ ಸದರ್ನ್ ಕಾಲೇಜು 2024ರ ಮೇ 31ರಂದು ಕೊನೆಯ ಬೀಗ ಹಾಕಿತು. ಈ ನಾಲ್ಕೂ ಫುಟ್‌ಬಾಲ್ ಆಟವನ್ನು ನಡೆಸಿದ ಕಾಲೇಜುಗಳೇ ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕಾಗಿದೆ.

ಉಳಿದಿರುವ ಸಣ್ಣ ಕಾಲೇಜುಗಳ ಆಡಳಿತ ಮಂಡಲಿಗಳಲ್ಲಿ ಈಗ ಎರಡು ಮತಗಳು ಎದುರುಬದುರಾಗಿ ನಿಂತಿವೆ. ಫುಟ್‌ಬಾಲ್ ಆಟವು ಬಹು ವೆಚ್ಚದ್ದು, ಕಾಲೇಜು ಉಳಿಯಬೇಕಾದರೆ ಅದನ್ನು ಮೊದಲು ಕೈಬಿಡಬೇಕು ಎಂಬುದು ಒಂದು ಮತ. ಫುಟ್‌ಬಾಲ್ ಇಲ್ಲದಿದ್ದರೆ ಹುಡುಗರು ಬರುವುದೇ ಇಲ್ಲ, ಆದ್ದರಿಂದ ತಂಡವಿಲ್ಲದವರು ಹೊಸದಾಗಿ ಕಟ್ಟಬೇಕು ಎಂಬುದು ಇನ್ನೊಂದು. ಒಂದೇ ರೋಗಕ್ಕೆ ಒಬ್ಬ ವೈದ್ಯನು ಲಂಘನವನ್ನೂ ಮತ್ತೊಬ್ಬನು ಮೃಷ್ಟಾನ್ನವನ್ನೂ ವಿಧಿಸಿದಂತಿದೆ ಈ ವಾದ. ಇಬ್ಬರೂ ರೋಗಿಯ ನಾಡಿಯನ್ನು ಹಿಡಿಯದೆ ಹಣದ ಚೀಲವನ್ನು ಮಾತ್ರ ಹಿಡಿದು ನೋಡುತ್ತಿರುವರೆಂಬುದು ನಮ್ಮ ಅಭಿಪ್ರಾಯ. ಅದೇಕೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಆಟದ ವಿಷಯವಾಗಿ ಎರಡು ಮಾತು. ಅಮೇರಿಕನ್ನರು ಫುಟ್‌ಬಾಲ್ ಎಂದು ಕರೆಯುವುದು ನಮ್ಮ ಮೈದಾನಗಳಲ್ಲಿ ನಡೆಯುವ ಕಾಲ್ಚೆಂಡಾಟವಲ್ಲ. ಅದರ ಚೆಂಡು ಎರಡು ತುದಿಯಲ್ಲಿಯೂ ಚೂಪಾಗಿರುವುದು. ಅದನ್ನು ಹೆಚ್ಚಾಗಿ ಕೈಯಲ್ಲಿ ಹಿಡಿದು ಓಡುವರು, ಇಲ್ಲವೆ ಎಸೆಯುವರು. ಒಂದೊಂದು ಪಕ್ಷದಲ್ಲಿ ಹನ್ನೊಂದು ಜನ; ನಾಲ್ಕು ಸರದಿಗಳೊಳಗೆ ಚೆಂಡನ್ನು ಹತ್ತು ಗಜ ಮುಂದೊಯ್ಯಬೇಕು; ಎದುರಾಳಿಗಳು ಮೈಮೇಲೆ ಬಿದ್ದು ತಡೆಯುವರು. ತಲೆಗೆ ಶಿರಸ್ತ್ರಾಣ, ಹೆಗಲಿಗೆ ಮೆತ್ತೆ ಕಟ್ಟಿಕೊಂಡೇ ಇಳಿಯಬೇಕಾದ ಮಲ್ಲಯುದ್ಧವಿದು. ದಾಳಿಗೆ ಒಂದು ಪಂಗಡ, ರಕ್ಷಣೆಗೆ ಇನ್ನೊಂದು, ಚೆಂಡನ್ನು ಒದೆಯುವುದಕ್ಕೆ ಮತ್ತೊಂದು, ಗಾಯಗೊಂಡವರ ಸ್ಥಾನಕ್ಕೆ ಬದಲಿಯವರು - ಹೀಗೆ ಒಂದು ತಂಡವೆಂದರೆ ನೂರು ಜನರ ದಂಡು. ಕಾಲೇಜು ಕಾಲೇಜುಗಳ ನಡುವೆ ಮೊದಲ ಪಂದ್ಯ ನಡೆದದ್ದು 1869ರ ನವೆಂಬರ್ 6ರಂದು, ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳೊಳಗೆ. ಅಂದಿನ ಆಟ ಒದೆಯುವ ಆಟಕ್ಕೆ ಹತ್ತಿರವಾಗಿತ್ತು. ಈಗಿನ ರೂಪ ಆಮೇಲೆ ಬಂದದ್ದು. ಆಟವು ಹುಟ್ಟಿ ಬೆಳೆದದ್ದು ವಿದ್ಯಾಲಯಗಳಲ್ಲಿ. ಹಣಕ್ಕಾಗಿ ಆಡುವವರು ಅದನ್ನು ಎತ್ತಿಕೊಂಡದ್ದು ಅನಂತರದ ಮಾತು.

ಕಾಲೇಜುಗಳ ಕ್ರೀಡೆಯನ್ನು ಆಳುವ ರಾಷ್ಟ್ರೀಯ ಸಂಘವು 1973ರಲ್ಲಿ ತನ್ನ ಸದಸ್ಯರನ್ನು ಮೂರು ವಿಭಾಗಗಳಾಗಿ ವಿಂಗಡಿಸಿತು. ಮೂರನೆಯ ವಿಭಾಗದಲ್ಲಿ ನಾನೂರಕ್ಕೂ ಹೆಚ್ಚು ಕಾಲೇಜುಗಳಿವೆ. ಅವುಗಳಲ್ಲಿ ಸುಮಾರು 240 ಕಾಲೇಜುಗಳು ಫುಟ್‌ಬಾಲ್ ಆಡುವುವು. ಈ ವಿಭಾಗದ ಮುಖ್ಯ ನಿಯಮವೇನೆಂದರೆ, ಆಟದ ಚಾತುರ್ಯಕ್ಕಾಗಿ ಯಾವ ವಿದ್ಯಾರ್ಥಿಗೂ ವೇತನ ಕೊಡಕೂಡದು. ಬಡತನಕ್ಕಾಗಿ, ಓದಿನ ಯೋಗ್ಯತೆಗಾಗಿ ಇತರರಿಗೆ ಕೊಡುವಂತೆ ಆಟಗಾರನಿಗೂ ಕೊಡಬಹುದು. ಚೆಂಡು ಹಿಡಿದನೆಂಬ ಕಾರಣಕ್ಕೆ ಒಂದು ಕಾಸೂ ಇಲ್ಲ. ಅಂದಮೇಲೆ ಇಲ್ಲಿ ಆಡುವ ಹುಡುಗನು ತಾನೇ ಶುಲ್ಕ ತೆತ್ತು ಆಡುವನು. ಸಾವಿರ ವಿದ್ಯಾರ್ಥಿಗಳಿರುವ ಕಾಲೇಜಿನಲ್ಲಿ ನೂರು ಜನ ಆ ದಂಡಿನವರೇ ಆದರೆ ಹತ್ತರಲ್ಲೊಬ್ಬನು ಆಟಗಾರನಾದನು. ಗಂಡುಹುಡುಗರಲ್ಲಿಯೇ ಎಣಿಸಿದರೆ ಐವರಲ್ಲೊಬ್ಬನು. ದೊಡ್ಡ ವಿಶ್ವವಿದ್ಯಾನಿಲಯದ ಮೂವತ್ತು ನಲವತ್ತು ಸಾವಿರ ಜನರಲ್ಲಿ ಇದೇ ನೂರು ಮಂದಿ ಕಣ್ಣಿಗೇ ಬೀಳರು. ಆದಕಾರಣ ಸಣ್ಣ ಕಾಲೇಜಿನಲ್ಲಿ ಈ ಪ್ರಶ್ನೆ ಬರಿಯ ಕ್ರೀಡೆಯ ಪ್ರಶ್ನೆಯಲ್ಲ. ಅದು ಕಾಲೇಜಿನ ಜೀವದ ಪ್ರಶ್ನೆಯೇ ಆಗಿರುವುದು.

ಈ ಕಾಲೇಜುಗಳ ಕಷ್ಟಕ್ಕೆ ಮೂಲವೇನು? ಆ ದೇಶದಲ್ಲಿ 2007ರಲ್ಲಿ ನಲವತ್ತಮೂರು ಲಕ್ಷಕ್ಕೂ ಹೆಚ್ಚು ಶಿಶುಗಳು ಹುಟ್ಟಿದವು. ಮರುವರ್ಷದಿಂದ ಆ ಸಂಖ್ಯೆ ಇಳಿಯುತ್ತ ಬಂದಿತು. 2007ರಲ್ಲಿ ಹುಟ್ಟಿದವರು 2025ರಲ್ಲಿ ಹದಿನೆಂಟು ತುಂಬಿದರು. ಅವರ ಹಿಂದೆ ಬರುವ ಸಾಲು ವರ್ಷವರ್ಷಕ್ಕೂ ತೆಳ್ಳಗಾಗತಕ್ಕದ್ದೇ. ದೊಡ್ಡ ಮೂಲಧನವಿರುವ, ಹೆಸರುವಾಸಿಯಾದ ಕಾಲೇಜುಗಳಿಗೆ ಇದರಿಂದ ಬಾಧೆಯಿಲ್ಲ. ಹಳ್ಳಿಗಾಡಿನ ಸಣ್ಣ ಪಟ್ಟಣಗಳಲ್ಲಿದ್ದು, ಆ ವರ್ಷದ ಶುಲ್ಕದಿಂದಲೇ ಆ ವರ್ಷದ ಸಂಬಳ ಕೊಡುವ ಕಾಲೇಜುಗಳಿಗೆ ಐವತ್ತು ಹುಡುಗರು ಕಡಿಮೆಯಾದರೆ ಅಡಿಪಾಯವೇ ಅಲುಗುವುದು. ಹುಡುಗರನ್ನು ಸೆಳೆಯಲು ಶುಲ್ಕದಲ್ಲಿ ರಿಯಾಯಿತಿ ಕೊಡುತ್ತ ಹೋಗಿ, ಈಗ ಖಾಸಗಿ ಕಾಲೇಜುಗಳು ಹೊಸ ವಿದ್ಯಾರ್ಥಿಗಳಿಗೆ ಪಟ್ಟಿಯಲ್ಲಿ ಹೇಳಿದ ಶುಲ್ಕದ ಅರ್ಧಕ್ಕಿಂತಲೂ ಹೆಚ್ಚು ಭಾಗವನ್ನು ಸರಾಸರಿಯಲ್ಲಿ ಬಿಟ್ಟುಕೊಡುತ್ತಿವೆ. ಅಂಗಡಿಯವನು ಒಂದು ರೂಪಾಯಿ ಬೆಲೆ ಬರೆದು ಎಂಟಾಣೆಗೂ ಕಡಿಮೆಗೆ ಮಾರಿದಂತೆ. ಇಂಥ ಕಾಲದಲ್ಲಿ ಒಂದೇ ಏಟಿಗೆ ನೂರು ಹುಡುಗರನ್ನು ತಂದುಕೊಡುವ ಆಟದ ಕಡೆಗೆ ಆಡಳಿತಗಾರರ ದೃಷ್ಟಿ ಹರಿದದ್ದು ಆಶ್ಚರ್ಯವಲ್ಲ.

ಆದರೆ ಈ ಲೆಕ್ಕವನ್ನು ಕಡೆಯವರೆಗೆ ಮಾಡಿದವರು ವಿರಳ. ಉದಾಹರಣೆಗಾಗಿ ಒಂದು ಕಾಲೇಜನ್ನು ಕಲ್ಪಿಸಿಕೊಳ್ಳೋಣ. ತಂಡದಲ್ಲಿ ನೂರು ಹುಡುಗರು. ರಿಯಾಯಿತಿ ಕಳೆದು ಒಬ್ಬೊಬ್ಬನಿಂದ ಬರುವುದು ವರ್ಷಕ್ಕೆ 20,000 ಡಾಲರು. ಒಟ್ಟು ಇಪ್ಪತ್ತು ಲಕ್ಷ. ತರಬೇತುದಾರರ ಸಂಬಳ, ಪ್ರಯಾಣ, ಉಡುಪು, ಮೈದಾನ, ವಿಮೆ ಎಲ್ಲಕ್ಕೂ ಎಂಟು ಲಕ್ಷ. ಮಂಡಲಿಯ ಮುಂದೆ ಹನ್ನೆರಡು ಲಕ್ಷದ ಲಾಭವನ್ನು ತೋರಿಸಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ಈಗ ಸ್ವಲ್ಪ ನಿಂತು ಕೇಳೋಣ: ಈ ನೂರರಲ್ಲಿ ನಲವತ್ತು ಹುಡುಗರು ಆಟವಿಲ್ಲದಿದ್ದರೂ ಬರುತ್ತಿದ್ದವರೇ ಆದರೆ? ಆಗ ಆಟದಿಂದ ಬಂದದ್ದು ಅರವತ್ತು ಜನರ ಹನ್ನೆರಡು ಲಕ್ಷ ಮಾತ್ರ. ಅದರಲ್ಲಿ ಎಂಟು ಲಕ್ಷ ಆಟಕ್ಕೇ ಹೋಯಿತು. ಆ ಅರವತ್ತು ಜನರಿಗೆ ಪಾಠ ಹೇಳಬೇಕು, ಕೊಠಡಿ ಕೊಡಬೇಕು, ಊಟ ಹಾಕಬೇಕು. ತಲೆಗೆ ಆರು ಸಾವಿರವೆಂದರೂ ಮೂರು ಲಕ್ಷ ಅರವತ್ತು ಸಾವಿರ. ಉಳಿದದ್ದು ನಲವತ್ತು ಸಾವಿರ ಡಾಲರು. ಒಬ್ಬ ಅಧ್ಯಾಪಕನ ವರ್ಷದ ಸಂಬಳಕ್ಕೂ ಸಾಲದು.

ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ ಆಟವನ್ನು ನಿಲ್ಲಿಸಿದವರ ಗತಿಯೂ ಗೊತ್ತಾಗುವುದು. ಎಂಟು ಲಕ್ಷ ಉಳಿಯಿತೆಂದು ಹಿಗ್ಗುವಷ್ಟರಲ್ಲಿ ಅರವತ್ತು ಹುಡುಗರು ಬೇರೆ ಕಾಲೇಜಿಗೆ ಹೋಗಿರುವರು. ಅವರ ಶುಲ್ಕವೂ ಹೋಯಿತು. ಸುಂಕದ ಕಟ್ಟೆಯನ್ನು ತಪ್ಪಿಸಲೆಂದು ರಾತ್ರಿಯೆಲ್ಲ ಸುತ್ತುದಾರಿ ಹಿಡಿದ ವರ್ತಕನು ಬೆಳಗಾಗುವಾಗ ಅದೇ ಕಟ್ಟೆಯ ಮುಂದೆ ಬಂದು ನಿಂತನೆಂದು ನಮ್ಮ ಶಾಸ್ತ್ರಕಾರರು ಘಟ್ಟಕುಟೀಪ್ರಭಾತ ನ್ಯಾಯವನ್ನು ಹೇಳುವರಷ್ಟೆ. ಆಟವನ್ನು ಕಟ್ಟಿದವನೂ ನಿಲ್ಲಿಸಿದವನೂ ಬಹುಮಟ್ಟಿಗೆ ಅದೇ ಕಟ್ಟೆಗೆ ಬಂದು ಸೇರುತ್ತಾರೆ.

ಇದು ಬರಿಯ ಕಲ್ಪನೆಯ ಲೆಕ್ಕವೆಂದು ಯಾರಾದರೂ ಹೇಳಿಯಾರು. ಆದರೆ ಅನುಭವವೂ ಹೆಚ್ಚು ಕಡಿಮೆ ಇದನ್ನೇ ಹೇಳುತ್ತದೆ. ಈ ಶತಮಾನದಲ್ಲಿ ಹೊಸದಾಗಿ ಫುಟ್‌ಬಾಲ್ ಸೇರಿಸಿಕೊಂಡ ಕಾಲೇಜುಗಳನ್ನು ಸೇರಿಸಿಕೊಳ್ಳದ ಕಾಲೇಜುಗಳೊಡನೆ ಹೋಲಿಸಿ ಜಾರ್ಜಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು 2024ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಆರಂಭದಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಏರುವುದೆಂದೂ ಆ ಏರಿಕೆ ಬಹುಕಾಲ ನಿಲ್ಲುವುದಿಲ್ಲವೆಂದೂ ಅವರು ಕಂಡುಕೊಂಡರು. ಮಿಶಿಗನ್ನಿನ ಏಡ್ರಿಯನ್ ಕಾಲೇಜು 2005ರಿಂದ ಆಟದ ತಂಡಗಳನ್ನು ಹೆಚ್ಚಿಸುತ್ತ ಹೋಗಿ ವಿದ್ಯಾರ್ಥಿಗಳ ಸಂಖ್ಯೆಯನ್ನು ಸುಮಾರು ಇಮ್ಮಡಿ ಮಾಡಿಕೊಂಡದ್ದು ನಿಜ. ಆ ಉದಾಹರಣೆಯನ್ನು ಎಲ್ಲರೂ ಹಿಡಿದು ಆಡುವರು. ಆದರೆ ಮೊದಲು ಗಾಳ ಹಾಕಿದವನಿಗೆ ಸಿಕ್ಕಿದಷ್ಟು ಮೀನು ಅದೇ ಕೆರೆಯಲ್ಲಿ ಐವತ್ತನೆಯವನಿಗೆ ಸಿಕ್ಕುವುದಿಲ್ಲ. ಫಿನ್ಲೇಂಡಿಯಾ 2015ರಲ್ಲಿ ಫುಟ್‌ಬಾಲ್ ಆರಂಭಿಸಿತು. ಎಂಟು ವರ್ಷದಲ್ಲಿ ಕಾಲೇಜೇ ಇಲ್ಲವಾಯಿತು. 1939ರಲ್ಲಿ ಆಟವನ್ನು ಬಿಟ್ಟಿದ್ದ ಬರ್ಮಿಂಗ್‌ಹ್ಯಾಮ್ ಸದರ್ನ್ 2007ರಲ್ಲಿ ಮತ್ತೆ ತಂಡ ಕಟ್ಟಿತು. ಹದಿನೇಳು ವರ್ಷದಲ್ಲಿ ಅದೂ ಮುಗಿಯಿತು. ಆಟದಿಂದ ಅವು ಕೆಟ್ಟವೆಂದು ನಾವು ಹೇಳುವುದಿಲ್ಲ. ಆಟವು ಅವುಗಳನ್ನು ಉಳಿಸಲಾರದೆ ಹೋಯಿತೆಂಬುದಷ್ಟೇ ನಮ್ಮ ಮಾತು.

ಹಾಗಾದರೆ ಹಣದ ತಕ್ಕಡಿ ಈ ಕಡೆಗೂ ವಾಲದು, ಆ ಕಡೆಗೂ ವಾಲದು. ತಕ್ಕಡಿ ಸಮವಾಗಿ ನಿಂತಮೇಲೆ, ವಿದ್ಯಾಲಯವು ತಾನು ಯಾವುದಕ್ಕಾಗಿ ಹುಟ್ಟಿತೋ ಆ ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕು: ಈ ಆಟದಿಂದ ಆಡುವ ಹುಡುಗನಿಗೆ ವಿದ್ಯೆಯ ದೃಷ್ಟಿಯಿಂದ ಒಳಿತಾಗುತ್ತಿದೆಯೋ ಇಲ್ಲವೋ? ಆಗುತ್ತಿದ್ದರೆ ಉಳಿಸತಕ್ಕದ್ದು, ಇಲ್ಲವಾದರೆ ನೂರು ಹುಡುಗರ ಶುಲ್ಕ ಬಂದರೂ ಬಿಡತಕ್ಕದ್ದು. ಈ ಒರೆಗಲ್ಲಿಗೆ ಉಜ್ಜಿ ನೋಡಿದಾಗ ಸಣ್ಣ ಕಾಲೇಜಿನ ಫುಟ್‌ಬಾಲ್ ಆಟವು ಉಳಿಯಲು ಯೋಗ್ಯವಾದದ್ದೆಂದೇ ನಮಗೆ ತೋರುವುದು.

ಏಕೆಂದರೆ, ಆಟವು ವಿದ್ಯಾರ್ಥಿಯ ಸ್ವತ್ತಾಗಿ ಇನ್ನೂ ಉಳಿದಿರುವುದು ಸಣ್ಣ ಕಾಲೇಜಿನಲ್ಲಿಯೇ. ದೊಡ್ಡ ವಿಶ್ವವಿದ್ಯಾನಿಲಯಗಳಲ್ಲಿ ಅದು ವ್ಯಾಪಾರವಾಗಿ ಬಹುಕಾಲವಾಯಿತು. 2021ರ ಜುಲೈಯಿಂದ ಅಲ್ಲಿಯ ಆಟಗಾರರು ತಮ್ಮ ಹೆಸರು, ಭಾವಚಿತ್ರಗಳ ಬಳಕೆಗಾಗಿ ಹಣ ಪಡೆಯಬಹುದಾಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯವು ಒಪ್ಪಿದ ರಾಜಿಯ ಪ್ರಕಾರ ಒಂದೊಂದು ದೊಡ್ಡ ವಿಶ್ವವಿದ್ಯಾನಿಲಯವು ಮೊದಲ ವರ್ಷ ಸುಮಾರು ಎರಡು ಕೋಟಿ ಐದು ಲಕ್ಷ ಡಾಲರುಗಳವರೆಗೆ ತನ್ನ ಕ್ರೀಡಾಪಟುಗಳಿಗೆ ನೇರವಾಗಿ ಹಂಚಬಹುದು. ಅವರ ಶ್ರಮದಿಂದ ಇತರರು ಕೋಟಿ ಗಳಿಸುತ್ತಿದ್ದಾಗ ಅವರಿಗೂ ಪಾಲು ಸಿಕ್ಕುವುದು ನ್ಯಾಯವೇ. ಆದರೆ ಅಲ್ಲಿರುವುದು ಈಗ ಯಜಮಾನ ಮತ್ತು ಕೆಲಸಗಾರನ ಸಂಬಂಧ, ಗುರುಶಿಷ್ಯ ಸಂಬಂಧವಲ್ಲ. ಮೂರನೆಯ ವಿಭಾಗದ ಹುಡುಗನಿಗೆ ಸಂಬಳದ ಆಸೆಯಿಲ್ಲ. ಮುಂದೆ ಆಟದಿಂದಲೇ ಬದುಕುವೆನೆಂಬ ಭ್ರಮೆಯೂ ಬಹು ಜನರಿಗಿಲ್ಲ. ಬೆಳಿಗ್ಗೆ ರಸಾಯನಶಾಸ್ತ್ರದ ಪಾಠ, ಸಂಜೆ ಕೆಸರಿನ ಮೈದಾನ, ರಾತ್ರಿ ಪುಸ್ತಕ. ನಾಲ್ಕು ವರ್ಷ ಕಳೆದ ಮೇಲೆ ಅವನು ಶಾಲೆಯ ಉಪಾಧ್ಯಾಯನೋ ಲೆಕ್ಕಿಗನೋ ರೈತನೋ ಆಗುವನು. ಆಟವು ಆಟವಾಗಿರುವುದು ಹೀಗಿದ್ದಾಗಲೇ ಅಲ್ಲವೆ?

ಸಣ್ಣವರು ಈ ಆಟಕ್ಕೆ ಕೊಟ್ಟದ್ದೂ ಕಡಿಮೆಯಲ್ಲ. ಪ್ರತಿಯೊಂದು ಸರದಿಗೆ ಮುಂಚೆ ಆಟಗಾರರು ತಲೆಗೆ ತಲೆ ಕೂಡಿಸಿ ದುಂಡಗೆ ನಿಂತು ಸಮಾಲೋಚನೆ ಮಾಡುವ ರೂಢಿಯನ್ನು ಇಂದು ಲಕ್ಷಾಂತರ ಜನ ಕೂತು ನೋಡುತ್ತಾರೆ. ಆ ರೂಢಿ ಹುಟ್ಟಿದ್ದು 1890ರ ದಶಕದಲ್ಲಿ, ರಾಜಧಾನಿ ವಾಷಿಂಗ್ಟನ್ನಿನ ಗ್ಯಾಲಡೆಟ್ ಕಾಲೇಜಿನಲ್ಲಿ ಎಂದು ಆಟದ ಚರಿತ್ರಕಾರರು ಹೇಳುವರು. ಅದು ಕಿವುಡರ ಕಾಲೇಜು. ಕೈಸನ್ನೆಯಿಂದ ಮಾತಾಡುವ ಆ ಹುಡುಗರು ತಮ್ಮ ಸನ್ನೆಯು ಎದುರಾಳಿಗಳಿಗೆ ಕಾಣದಿರಲೆಂದು ದುಂಡಗೆ ನಿಂತರು. ಕೆಂಟಕಿ ಪ್ರಾಂತದ ಡ್ಯಾನ್‌ವಿಲ್ ಎಂಬ ಸಣ್ಣ ಊರಿನ ಸೆಂಟರ್ ಕಾಲೇಜಿನಲ್ಲಿ ಕೆಲವೇ ನೂರು ವಿದ್ಯಾರ್ಥಿಗಳಿದ್ದಾಗ, 1921ರ ಅಕ್ಟೋಬರ್ 29ರಂದು ಆ ಹುಡುಗರು ಹಾರ್ವರ್ಡಿಗೆ ಹೋಗಿ ಅದನ್ನು 6-0ರಿಂದ ಸೋಲಿಸಿ ಬಂದರು. ನೂರು ವರ್ಷ ಕಳೆದರೂ ಊರಿನವರು ಆ ಅಂಕಿಯನ್ನು ಮರೆತಿಲ್ಲ. ಇಂಡಿಯಾನಾದ ವೊಬ್ಯಾಶ್ ಮತ್ತು ಡಿಪಾವ್ ಎಂಬ ಎರಡು ನೆರೆಯ ಕಾಲೇಜುಗಳು 1890ರಿಂದ ಪರಸ್ಪರ ಆಡುತ್ತಿವೆ; ಗೆದ್ದವರಿಗೆ ಸಿಕ್ಕುವುದು ಹಳೆಯ ರೈಲುಗಾಡಿಯ ಒಂದು ಗಂಟೆ. ಆ ಗಂಟೆಗಾಗಿ ಹಳೆಯ ವಿದ್ಯಾರ್ಥಿಗಳು ದೇಶದ ಮೂಲೆಮೂಲೆಯಿಂದ ಬಂದು ಸೇರುವರು. ಇಂಥ ಅಭಿಮಾನವನ್ನು ಯಾವ ಜಾಹೀರಾತೂ ಕೊಂಡು ತರಲಾರದು.

ಇನ್ನೊಂದು ವಿಷಯವೂ ಯೋಚಿಸತಕ್ಕದ್ದಾಗಿದೆ. ಆ ದೇಶದ ಕಾಲೇಜುಗಳಲ್ಲಿ ಈಗ ನೂರಕ್ಕೆ ಐವತ್ತೇಳು ಐವತ್ತೆಂಟು ಮಂದಿ ಹೆಣ್ಣುಮಕ್ಕಳು. ಹೆಣ್ಣುಮಕ್ಕಳು ಮುಂದೆ ಬಂದದ್ದು ಸಂತೋಷದ ಸಂಗತಿ. ಗಂಡುಮಕ್ಕಳು ವಿದ್ಯೆಗೆ ಬೆನ್ನು ತಿರುಗಿಸುತ್ತಿರುವುದು ಚಿಂತೆಯ ಸಂಗತಿ. ಹೈಸ್ಕೂಲಿನಲ್ಲಿ ಪುಸ್ತಕ ರುಚಿಸದೆ, ಆಟದ ಆಸೆಯಿಂದಲೇ ಕಾಲೇಜಿನ ಮೆಟ್ಟಿಲು ಹತ್ತಿ, ಒಳಗೆ ಬಂದಮೇಲೆ ಒಬ್ಬ ಒಳ್ಳೆಯ ಅಧ್ಯಾಪಕನ ಕೈಗೆ ಸಿಕ್ಕಿ ವಿದ್ಯಾವಂತನಾಗಿ ಹೊರಬೀಳುವ ಹುಡುಗನೂ ಉಂಟು. ಬೆಲ್ಲ ತೋರಿಸಿ ಮಗುವಿಗೆ ಮದ್ದು ಕುಡಿಸುವುದನ್ನು ತಾಯಿಯ ಮೋಸವೆಂದು ಯಾರೂ ಹೇಳರು. ಆದರೆ ಬೆಲ್ಲ ತೋರಿಸಿದ ಮೇಲೆ ಮದ್ದು ಕುಡಿಸಲೇಬೇಕು. ಬೆಲ್ಲ ಮಾತ್ರ ತಿನ್ನಿಸಿ ಶುಲ್ಕ ವಸೂಲು ಮಾಡುವ ಕಾಲೇಜು ಮೋಸಗಾರನೇ ಸರಿ.

ಈಗ ಆಕ್ಷೇಪಣೆಗಳಿಗೆ ಬರುವ. ಎಲ್ಲಕ್ಕಿಂತ ಗುರುತರವಾದದ್ದು ಹುಡುಗರ ದೇಹರಕ್ಷಣೆಯದು. 1905ರಲ್ಲಿ ಮೈದಾನದಲ್ಲಿ ಅನೇಕ ಯುವಕರು ಪ್ರಾಣ ಬಿಟ್ಟಾಗ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟರೇ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಕಾಲೇಜುಗಳ ಪ್ರತಿನಿಧಿಗಳನ್ನು ತಮ್ಮ ಭವನಕ್ಕೆ ಕರೆಸಿ ಎಚ್ಚರಿಕೆ ಹೇಳಬೇಕಾಯಿತು. ಮರುವರ್ಷ ನಿಯಮಗಳು ಬದಲಾದವು. ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ದೊರೆಯಿತು. ಈಗಿನ ಕ್ರೀಡಾಸಂಘದ ಮೂಲಸಂಸ್ಥೆಯೂ ಆಗಲೇ ಹುಟ್ಟಿತು. ಮೂಳೆ ಮುರಿದರೆ ಕಣ್ಣಿಗೆ ಕಾಣುವುದು. ತಲೆಯೊಳಗಿನ ಪೆಟ್ಟು ಕಾಣದು. 2002ರಲ್ಲಿ ಪಿಟ್ಸ್‌ಬರ್ಗಿನ ಡಾಕ್ಟರ್ ಬೆನೆಟ್ ಒಮಾಲು ಅವರು ಮೃತನಾದ ಒಬ್ಬ ಹೆಸರಾಂತ ಆಟಗಾರನ ಮಿದುಳನ್ನು ಪರೀಕ್ಷಿಸಿ, ಪದೇ ಪದೇ ಬಿದ್ದ ಪೆಟ್ಟಿನಿಂದಾಗುವ ಕ್ಷಯವನ್ನು ಕಂಡರು. 2017ರಲ್ಲಿ ಪ್ರಕಟವಾದ ಬಾಸ್ಟನ್ ಸಂಶೋಧಕರ ವರದಿಯಲ್ಲಿ ಕಾಲೇಜಿನವರೆಗೆ ಆಡಿದ್ದ 53 ಜನರ ಮಿದುಳುಗಳಲ್ಲಿ 48ರಲ್ಲಿ ಈ ರೋಗದ ಗುರುತುಗಳಿದ್ದವು. ರೋಗಲಕ್ಷಣ ಕಂಡವರ ಕುಟುಂಬದವರೇ ಹೆಚ್ಚಾಗಿ ಮಿದುಳನ್ನು ದಾನ ಕೊಟ್ಟಿದ್ದರಾದ್ದರಿಂದ ಎಲ್ಲ ಆಟಗಾರರಿಗೂ ಇದೇ ಪ್ರಮಾಣವೆಂದು ಹೇಳಕೂಡದು. ಹಾಗೆಂದು ಆ ಅಂಕಿಯನ್ನು ಕಂಡೂ ಕಾಣದಂತಿರುವುದು ವಿದ್ಯಾಸಂಸ್ಥೆಗೆ ಶೋಭಿಸದು. ಮಿದುಳನ್ನು ಬೆಳಸಲೆಂದು ತೆರೆದ ಮನೆಯಲ್ಲಿಯೇ ಮಿದುಳಿಗೆ ಹಾನಿಯಾಗುವುದಾದರೆ ಅದಕ್ಕಿಂತ ವಿಪರೀತವಿಲ್ಲ.

ಈ ಆಕ್ಷೇಪಣೆಗೆ ಉತ್ತರ ಬಾಯಿಮಾತಿನದಾಗಿರದೆ ನಡತೆಯದಾಗಿರಬೇಕು. ಡಾರ್ಟ್‌ಮತ್ ಕಾಲೇಜಿನ ತರಬೇತುದಾರರಾಗಿದ್ದ ಬಡ್ಡಿ ಟೀವನ್ಸರು 2010ರಲ್ಲಿ ಅಭ್ಯಾಸದ ವೇಳೆ ಹುಡುಗರು ಒಬ್ಬರನ್ನೊಬ್ಬರು ಕೆಡವುವುದನ್ನೇ ನಿಲ್ಲಿಸಿದರು. ಕೆಡವುವ ಕೌಶಲವನ್ನು ಮೆತ್ತೆಯ ಬೊಂಬೆಗಳ ಮೇಲೆ ಕಲಿಸಿದರು. ತಂಡ ಮೆತ್ತಗಾಗುವುದೆಂದು ಆಡಿಕೊಂಡವರಿದ್ದರು. ಆದರೆ ಅದೇ ತಂಡ 2015ರಲ್ಲಿ ತನ್ನ ಕೂಟದ ಪ್ರಶಸ್ತಿಯನ್ನು ಹಂಚಿಕೊಂಡಿತು. 2016ರಲ್ಲಿ ಆ ಕೂಟದ ಎಂಟೂ ಕಾಲೇಜುಗಳ ತರಬೇತುದಾರರು ಋತುವಿನ ಅಭ್ಯಾಸದಲ್ಲಿ ಈ ಕ್ರಮಕ್ಕೆ ಒಪ್ಪಿದರು. ಅಂದಮೇಲೆ ಪೆಟ್ಟನ್ನು ಕಡಿಮೆ ಮಾಡುವುದು ಅಸಾಧ್ಯವೇನೂ ಅಲ್ಲ; ಮನಸ್ಸು ಬೇಕು. ಬೊಂಬೆಯ ಬೆಲೆ ಯಾವ ಸಣ್ಣ ಕಾಲೇಜಿಗೂ ಭಾರವಾಗದು.

ಸಣ್ಣ ಕಾಲೇಜಿಗೆ ವಿಶೇಷವಾದ ಅಪಾಯವೊಂದುಂಟು. ಆಡುವವರು ಕಡಿಮೆಯಾದಂತೆ ಉಳಿದವರ ಮೇಲೆ ಭಾರ ಹೆಚ್ಚುವುದು. ದಣಿದವನೇ ಮತ್ತೆ ಇಳಿಯಬೇಕು. ಹದಿನೆಂಟರ ಹುಡುಗನು ಇಪ್ಪತ್ತೆರಡರ ಬಲಿಷ್ಠನಿಗೆ ಎದುರಾಗಬೇಕು. 2019ರ ಅಕ್ಟೋಬರಿನಲ್ಲಿ ಅಯೋವಾದ ಗ್ರಿನೆಲ್ ಕಾಲೇಜಿನಲ್ಲಿ ಗಾಯಗಳಿಂದಾಗಿ ಇಪ್ಪತ್ತೆಂಟು ಆಟಗಾರರು ಮಾತ್ರ ಉಳಿದಾಗ, ಹುಡುಗರು ತಾವೇ ಸೇರಿ ಆ ಋತುವಿನ ಉಳಿದ ಪಂದ್ಯಗಳನ್ನು ಆಡಬಾರದೆಂದು ತೀರ್ಮಾನಿಸಿದರು. ಕಾಲೇಜು ಅದನ್ನು ಮನ್ನಿಸಿತು. ಅದು ಹೇಡಿತನವಲ್ಲ, ವಿವೇಕ. ಅನಂತರ ಆ ಕಾಲೇಜು ತಂಡವನ್ನು ಮತ್ತೆ ಕಟ್ಟಿತು. ಆಟವನ್ನು ಉಳಿಸಬೇಕಾದರೆ ಕೆಲವು ವೇಳೆ ಆಟವನ್ನು ನಿಲ್ಲಿಸುವ ಧೈರ್ಯವೂ ಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ತಿಳಿಯದು.

ಆಟವನ್ನು ಕೈಬಿಟ್ಟವರನ್ನು ನಾವು ಹಳಿಯುವುದಿಲ್ಲ. ಶಿಕಾಗೋ ವಿಶ್ವವಿದ್ಯಾನಿಲಯವು ಒಂದು ಕಾಲಕ್ಕೆ ಈ ಆಟದಲ್ಲಿ ಅಗ್ರಗಣ್ಯವಾಗಿತ್ತು. 1939ರಲ್ಲಿ ಅದರ ಅಧ್ಯಕ್ಷರಾಗಿದ್ದ ರಾಬರ್ಟ್ ಹಚಿನ್ಸರು ಆಟಕ್ಕೂ ವಿದ್ಯೆಗೂ ನಂಟು ಕಡಿದಿದೆಯೆಂದು ತಂಡವನ್ನೇ ತೆಗೆದುಹಾಕಿದರು. ಮೂರು ವರ್ಷದ ಮೇಲೆ, 1942ರ ಡಿಸೆಂಬರ್ 2ರಂದು, ಅದೇ ಕ್ರೀಡಾಂಗಣದ ಮೆಟ್ಟಿಲುಗಳ ಕೆಳಗಿನ ಕೊಠಡಿಯಲ್ಲಿ ಎನ್ರಿಕೊ ಫರ್ಮಿಯವರು ಪರಮಾಣುವಿನ ಸರಣಿಕ್ರಿಯೆಯನ್ನು ಮೊದಲ ಬಾರಿಗೆ ನಡೆಸಿದರು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 1969ರಲ್ಲಿ ಆ ವಿಶ್ವವಿದ್ಯಾನಿಲಯವು ಫುಟ್‌ಬಾಲನ್ನು ಮತ್ತೆ ಆರಂಭಿಸಿತು. ಈ ಸಾರಿ ಆಡಂಬರವಿಲ್ಲ, ವೇತನವಿಲ್ಲ. ಈಗ ಮೂರನೆಯ ವಿಭಾಗದಲ್ಲಿ ಓದುವ ಹುಡುಗರೇ ಆಡುತ್ತಿರುವರು. ಪೆನ್ಸಿಲ್ವೇನಿಯಾದ ಸ್ವಾರ್ತ್‌ಮೋರ್ ಕಾಲೇಜು 2000ದ ಡಿಸೆಂಬರಿನಲ್ಲಿ ಆಟವನ್ನು ಬಿಟ್ಟಿತು. ಅಷ್ಟು ಸಣ್ಣ ಕಾಲೇಜಿನಲ್ಲಿ ಎಲ್ಲ ತಂಡಗಳಿಗೂ ಜನ ಒದಗಿಸಹೊರಟರೆ ಪ್ರವೇಶದ ಸ್ಥಾನಗಳಲ್ಲಿ ದೊಡ್ಡ ಪಾಲು ಆಟಗಾರರಿಗೇ ಹೋಗುವುದೆಂಬುದು ಅದರ ಮಂಡಲಿಯು ಕೊಟ್ಟ ಕಾರಣ. ಹಳೆಯ ವಿದ್ಯಾರ್ಥಿಗಳು ಕೆರಳಿದರು. ಆದರೆ ಕಾರಣವು ವಿದ್ಯೆಗೆ ಸಂಬಂಧಪಟ್ಟದ್ದಾಗಿತ್ತು. ನೀಗ್ರೋ ಜನಾಂಗದವರ ವಿದ್ಯೆಗಾಗಿ 1872ರಲ್ಲಿ ಹುಟ್ಟಿ, ಈಗ ಡಲ್ಲಾಸ್ ನಗರದಲ್ಲಿರುವ ಪಾಲ್ ಕ್ವಿನ್ ಕಾಲೇಜು 2007ರಲ್ಲಿ ತಂಡವನ್ನು ನಿಲ್ಲಿಸಿತು. 2010ರಲ್ಲಿ ಅದರ ಅಧ್ಯಕ್ಷ ಮೈಕಲ್ ಸೊರೆಲರು ಬಿದ್ದಿದ್ದ ಆಟದ ಮೈದಾನವನ್ನು ಉತ್ತು ತರಕಾರಿಯ ತೋಟ ಮಾಡಿದರು. ಹತ್ತಿರದಲ್ಲಿ ದಿನಸಿ ಅಂಗಡಿಯಿಲ್ಲದ ಬಡ ಬಡಾವಣೆಯದು. ವಿದ್ಯಾರ್ಥಿಗಳು ಅಲ್ಲಿ ದುಡಿದು ನೆರೆಹೊರೆಗೆ ಸೊಪ್ಪು ತರಕಾರಿ ಒದಗಿಸಿದರು. ಈ ಮೂವರೂ ಹುಡುಗರಿಗೆ ಯಾವುದು ಒಳಿತೆಂದು ಕೇಳಿಕೊಂಡೇ ನಿರ್ಣಯ ಮಾಡಿದವರು. ಆ ಪ್ರಶ್ನೆಯನ್ನು ಕೇಳಿಕೊಳ್ಳದೆ ಉಳಿಸಿಕೊಂಡವರಿಗಿಂತ ಕೇಳಿಕೊಂಡು ಬಿಟ್ಟವರೇ ಮೇಲು.

ಇಷ್ಟನ್ನೂ ಮನಸ್ಸಿನಲ್ಲಿಟ್ಟು, ಆಟವನ್ನು ಉಳಿಸಿಕೊಳ್ಳಬಯಸುವ ಸಣ್ಣ ಕಾಲೇಜುಗಳು ಪಾಲಿಸತಕ್ಕ ಕೆಲವು ನಿಯಮಗಳನ್ನು ಹೇಳಬಯಸುತ್ತೇವೆ. ಮೊದಲನೆಯದಾಗಿ, ಆಟದ ಜಮಾಖರ್ಚನ್ನು ಬೇರೆಯಾಗಿ ಬರೆದು ವರ್ಷವರ್ಷವೂ ಪ್ರಕಟಿಸಬೇಕು; ಹೊಸದಾಗಿ ಬಂದವರೆಷ್ಟು, ಹೇಗಿದ್ದರೂ ಬರುತ್ತಿದ್ದವರೆಷ್ಟು, ಎರಡನೆಯ ವರ್ಷಕ್ಕೆ ಉಳಿದವರೆಷ್ಟು ಎಂಬುದು ಅದರಲ್ಲಿರಬೇಕು. ಎರಡನೆಯದಾಗಿ, ತಂಡಕ್ಕೆ ಸೇರಿದವರಲ್ಲಿ ಪದವಿ ಪಡೆದವರ ಸಂಖ್ಯೆಯನ್ನು ಇತರ ವಿದ್ಯಾರ್ಥಿಗಳ ಸಂಖ್ಯೆಯ ಪಕ್ಕದಲ್ಲಿಟ್ಟು ತಂದೆತಾಯಿಗಳಿಗೆ ಮೊದಲೇ ತೋರಿಸಬೇಕು. ಮೂರನೆಯದಾಗಿ, ಗಾಯಗೊಂಡವನನ್ನು ಇಳಿಸಬೇಕೋ ಬೇಡವೋ ಎಂಬ ಅಧಿಕಾರವು ವೈದ್ಯನದಾಗಿರಬೇಕು, ತರಬೇತುದಾರನದಲ್ಲ. ಇಷ್ಟು ಜನರಿಗಿಂತ ಕಡಿಮೆಯಾದರೆ ಪಂದ್ಯವಿಲ್ಲವೆಂಬ ಮಿತಿಯನ್ನು ಋತುವಿಗೆ ಮುಂಚೆಯೇ ಗೊತ್ತುಮಾಡಬೇಕು. ನಾಲ್ಕನೆಯದಾಗಿ, ದೂರದ ಪ್ರಯಾಣದ ವ್ಯಾಮೋಹವನ್ನು ಬಿಟ್ಟು ನೆರೆಯ ಕಾಲೇಜುಗಳೊಡನೆಯೇ ಆಡಬೇಕು. ವೊಬ್ಯಾಶ್ ಮತ್ತು ಡಿಪಾವ್‌ಗಳ ಗಂಟೆಯ ಪಾಠ ಅದೇ. ಐದನೆಯದಾಗಿ, 1972ರ ಶಾಸನವು ವಿಧಿಸಿದಂತೆ ಹೆಣ್ಣುಮಕ್ಕಳ ಆಟಗಳಿಗೆ ಸಲ್ಲತಕ್ಕ ಅವಕಾಶವನ್ನು ಸಲ್ಲಿಸಬೇಕು. ನೂರು ಗಂಡುಹುಡುಗರ ದಂಡಿಗಾಗಿ ಅವರ ಪಾಲನ್ನು ಕಡಿಯಕೂಡದು. ಕಡೆಯದಾಗಿ, ಆಟವನ್ನೋ ಕಾಲೇಜನ್ನೋ ನಿಲ್ಲಿಸಲೇಬೇಕಾದರೆ ಬಹಳ ಮುಂಚಿತವಾಗಿ ತಿಳಿಸಿ, ಒಳಗೆ ಬಂದವರು ಓದು ಮುಗಿಸಲು ಏರ್ಪಾಡು ಮಾಡಬೇಕು.

ಈ ಕಡೆಯ ನಿಯಮದ ಮೇಲೆ ನಾವು ಹೆಚ್ಚು ಒತ್ತು ಕೊಡುತ್ತೇವೆ. ಬರ್ಮಿಂಗ್‌ಹ್ಯಾಮ್ ಸದರ್ನ್ ಕಾಲೇಜು ಮುಚ್ಚಿದ ದಿನವೇ ಅದರ ಬೇಸ್‌ಬಾಲ್ ತಂಡದ ಹುಡುಗರು ಓಹಾಯೋ ಪ್ರಾಂತದಲ್ಲಿ ತಮ್ಮ ವಿಭಾಗದ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಆಡುತ್ತಿದ್ದರು. ಎದೆಯ ಮೇಲೆ ಧರಿಸಿದ್ದ ಹೆಸರಿನ ಕಾಲೇಜು ಆ ಹೊತ್ತಿಗೆ ಇರಲಿಲ್ಲ. ಆ ಹುಡುಗರ ಧೈರ್ಯವನ್ನು ದೇಶವೆಲ್ಲ ಕೊಂಡಾಡಿತು. ಆದರೆ ವಿದ್ಯಾರ್ಥಿಗಳಿಗೆ ಅಂಥ ಧೈರ್ಯ ಬೇಕಾಗುವ ಸನ್ನಿವೇಶವನ್ನು ಹಿರಿಯರು ತಂದೊಡ್ಡಬಾರದು.

ದೂರದೇಶದ ಈ ವಿಚಾರ ನಮಗೇಕೆಂದು ಕೇಳುವವರಿರಬಹುದು. ನಮ್ಮ ಊರುಗಳ ಎಷ್ಟೋ ಮನೆಗಳ ಮಕ್ಕಳು ಇಂದು ಆ ದೇಶದ ಕಾಲೇಜುಗಳಲ್ಲಿ ಓದುತ್ತಿರುವರೆಂಬುದು ಒಂದು ಉತ್ತರ. ಸ್ಥಾನ ತುಂಬಿಸುವ ಆತುರದಲ್ಲಿ ವಿದ್ಯಾಲಯವು ತನ್ನ ಉದ್ದೇಶವನ್ನು ಮರೆಯುವ ರೋಗಕ್ಕೆ ದೇಶದ ಗಡಿಯಿಲ್ಲವೆಂಬುದು ಇನ್ನೊಂದು. ಅಧಿಕಾರದಲ್ಲಿರುವ ನಮ್ಮ ವಾಚಕರಿಗೆ ಇದನ್ನು ಹೆಚ್ಚು ವಿಸ್ತರಿಸಿ ಹೇಳಬೇಕಾಗಿಲ್ಲ.

ಸಣ್ಣ ಕಾಲೇಜುಗಳ ಫುಟ್‌ಬಾಲ್ ಉಳಿಯಲೆಂದೇ ನಮ್ಮ ಹಾರೈಕೆ. ಆದರೆ ಬೀಳುವ ಮಾಡಿಗೆ ಆನಿಸಿದ ಕಂಬವಾಗಿ ಅದು ಉಳಿಯಬಾರದು. ಆ ಭಾರವನ್ನು ಹದಿನೆಂಟು ವರ್ಷದ ಹುಡುಗರ ಹೆಗಲು ಹೊರಲಾರದು, ಹೊರಿಸುವುದು ಧರ್ಮವೂ ಅಲ್ಲ. ಮಾಡನ್ನು ಎತ್ತಿ ನಿಲ್ಲಿಸುವುದು ಆಡಳಿತ ಮಂಡಲಿಯವರ, ದಾನಿಗಳ, ಹಳೆಯ ವಿದ್ಯಾರ್ಥಿಗಳ ಕೆಲಸ. ಹುಡುಗರ ಕೆಲಸ ಓದುವುದು ಮತ್ತು ಸಂಜೆಯ ಹೊತ್ತು ಆಡುವುದು. ಬರುವ ಋತುವಿಗೆ ಹೊಸ ಹುಡುಗರನ್ನು ಕರೆತರಲು ಹೊರಡುವ ಮುಂಚೆ ಒಂದೊಂದು ಮಂಡಲಿಯೂ ಒಂದು ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಹೇಳಿಕೊಳ್ಳಲಿ: ಒಂದು ಡಾಲರೂ ಬಾರದಿದ್ದರೂ ಈ ಆಟವನ್ನು ನಾವು ಉಳಿಸುತ್ತಿದ್ದೆವೆ? ಹೌದೆನ್ನಬಲ್ಲ ಕಾಲೇಜು ನಿಶ್ಚಿಂತೆಯಿಂದ ಉಳಿಸಿಕೊಳ್ಳಲಿ. ಹೌದೆನ್ನಲಾರದ ಕಾಲೇಜು ಒಳಗಿರುವ ಹುಡುಗರ ಓದನ್ನು ಮುಗಿಸಿಕೊಟ್ಟು, ಗೌರವದಿಂದ ಮೈದಾನವನ್ನು ಬೇರೆ ಕೆಲಸಕ್ಕೆ ಒಪ್ಪಿಸಲಿ.